ವರಾಂಡದಿಂದ ಬಿಚ್ಚಿದ ಉಯ್ಯಾಲೆ

ನನಗೆ ಮದುವೆಯಾಗಿದೆ, ಇಂದಿಗೆ ಹದಿನೇಳು ದಿನ! ಆದ್ದರಿಂದ ಹೆಸರು ಲೆನೋರ್ ಟಾಲ್ಬರ್ಗ್ (ಮೊದಲು ಲೆನೋರ್ ಹ್ರುಬಿ), ವಯಸ್ಸು 26, ಗಂಡನ ಹೆಸರು ಓರಿನ್ ಟಾಲ್ಬರ್ಗ್, ವೃತ್ತಿ ಮೂರನೇ ತರಗತಿಯ ಶಿಕ್ಷಕಿ, ವಾಸ 14, ಚರ್ಚ್ ಬೀದಿ, ಮಾರ್ಲೋ ಗ್ರೋವ್, ಇಲಿನಾಯ್. ಚಿಕಾಗೋದ ನನ್ನ ಶಾಲೆಯ ಈ ವರ್ಷ ಮುಗಿಯುವವರೆಗೆ ಸದ್ಯ ಅಲ್ಲೇ ತಾಯಿಯ ಮನೆಯಲ್ಲಿರುವ ನಾನು, ಮಾರ್ಲೋ ಗ್ರೋವ್ ಠಾಣೆಯ ಸಾರ್ಜೆಂಟ್ ಹಾಸ್ಕಿನ್ಸ್ ಅವರು ನಿನ್ನೆ ಫೋನಿನಲ್ಲಿ ಕೇಳಿದ ಪ್ರಕಾರ, ಸ್ವಂತ ಕೈಬರಹದಲ್ಲಿ ಈ ಮೂಲಕ ತಿಳಿಸುವುದೇನೆಂದರೆ:

ಶ್ರೀ ಡೆಲ್ಮರ್ ಸ್ಟಕಿ ಅವರು ನಮ್ಮ ಮನೆಯಿಂದ ಏನನ್ನೂ ಕದ್ದಿಲ್ಲ. ಉಯ್ಯಾಲೆ ಅವರದೇ. ಬಿಚ್ಚಿಕೊಂಡು ಹೋಗಿ ಎಂದು ಹೇಳಿದವಳು ನಾನು. ಘಟನೆಗಳನ್ನು ನಡೆದ ಕ್ರಮದಲ್ಲಿ ಬರೆಯಬೇಕೆಂದೂ, ಮದುವೆಯ ವಿಷಯ ಆದಷ್ಟು ಕಡಿಮೆ ಇರಲೆಂದೂ ಸಾರ್ಜೆಂಟ್ ಸೂಚಿಸಿದ್ದಾರೆ. ಪ್ರಯತ್ನಿಸುತ್ತೇನೆ.

ನನ್ನ ಪತಿ (ಈ ಪದವನ್ನು ಸರ್ಕಾರಿ ಕಾಗದದಲ್ಲಿ ಬರೆಯುತ್ತಿರುವುದು ಇದೇ ಮೊದಲು) ಅಣು ಸ್ಥಾವರಗಳ ಮೇಲೆ ಕಣ್ಣಿಡುವ ಕೇಂದ್ರ ಆಯೋಗದ ಇನ್ಸ್‌ಪೆಕ್ಟರ್. ಊರಿನಿಂದ ಆರು ಮೈಲಿ ದೂರದ ಸ್ಥಾವರದಲ್ಲಿ ಅವರಿಗೆ ಪ್ರತಿದಿನದ ಕೆಲಸ. ಸ್ಥಾವರ ಕೆಲವು ವರ್ಷಗಳಿಂದ ಸರಿಯಾಗಿ ನಡೆಯುತ್ತಿರಲಿಲ್ಲ. ಕಳೆದ ನವೆಂಬರಿನಲ್ಲಿ ಅವರು ಬರೆದ ವರದಿಯ ನಂತರ ಎರಡನೇ ರಿಯಾಕ್ಟರನ್ನು ನಿಲ್ಲಿಸಲಾಯಿತು. ಅಂದಿನಿಂದ ದಿನಸಿ ಅಂಗಡಿಯಲ್ಲಿ ಕೆಲವರು ಅವರಿಗೆ ಬೆನ್ನು ತಿರುಗಿಸುತ್ತಾರೆ. ಆ ಊರಿನಲ್ಲಿ ಅರ್ಧ ಜನಕ್ಕೆ ಅನ್ನ ಹಾಕುವುದು ಸ್ಥಾವರ, ಹಾಗಾಗಿ ನನಗೆ ಬೇಸರವಿಲ್ಲ. ಸ್ಥಾವರದವರಿಂದ ಅವರು ಒಂದು ಲೋಟ ಕಾಫಿಯನ್ನೂ ಪುಕ್ಕಟೆ ಕುಡಿಯುವಂತಿಲ್ಲ. ನಮ್ಮ ಮದುವೆಗೆ ಅಲ್ಲಿಂದ ಒಬ್ಬರನ್ನೂ ಕರೆದಿರಲಿಲ್ಲ.

ಜೂನ್ 1ರ ಭಾನುವಾರ ಸಂಜೆ ಸುಮಾರು 5 ಗಂಟೆಗೆ ಮಧುಚಂದ್ರ ಮುಗಿಸಿ ವಿಸ್ಕಾನ್ಸಿನ್‌ನ ಸರೋವರದಿಂದ ಮನೆಗೆ ಮರಳಿದೆವು. ವರಾಂಡದಲ್ಲಿ ಇಬ್ಬರು ಕೂರುವಷ್ಟು ಅಗಲದ ಓಕ್ ಮರದ ಹೊಸ ಉಯ್ಯಾಲೆ ಸರಪಳಿಯಲ್ಲಿ ತೂಗುತ್ತಿತ್ತು. ಚೀಟಿ ಇರಲಿಲ್ಲ. ಮನೆಯ ಮಾಲೀಕರು ಹಾಕಿಸಿರಬೇಕೆಂದು ನಾನು ಭಾವಿಸಿ ಕೂಡಲೇ ಕುಳಿತೆ. ಚಪ್ಪಲಿಯನ್ನೂ ಬಿಚ್ಚಿರಲಿಲ್ಲ.

ಓರಿನ್ ಮಾತ್ರ ಕೂರಲಿಲ್ಲ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ: "ಮಾಲೀಕ ಒಡೆದ ಗಾಜನ್ನೇ ಇನ್ನೂ ಹಾಕಿಸಿಲ್ಲ ಲೆನಿ, ಉಯ್ಯಾಲೆ ಹಾಕಿಸ್ತಾನಾ? ಯಾರು ಕೊಟ್ಟಿದ್ದು ಅಂತ ಗೊತ್ತಾಗೋವರೆಗೂ ನಾನು ಕೂರಲ್ಲಪ್ಪ."

"ಹೊಸ ಹೆಂಡತಿ ಒಬ್ಬಳೇ ಉಯ್ಯಾಲೆಲಿ ಕೂತಿದ್ರೆ ಬೀದಿಯವರು ಏನಂತಾರೆ?" ಎಂದು ನಾನು ಕೇಳಿದೆ.

"ಇನ್ಸ್‌ಪೆಕ್ಟರ್ ಹೆಂಡತಿ ಅಂತಾರೆ" ಎಂದರು.

ಕತ್ತಲಾಗುವವರೆಗೂ ಅವರು ಮೆಟ್ಟಿಲ ಮೇಲೆ ಕುಳಿತು, ನಾನು ಉಯ್ಯಾಲೆಯಲ್ಲಿ ಕುಳಿತು, ಸ್ಯಾಂಡ್‌ವಿಚ್ ತಿಂದೆವು. ಅವರು ಮೂರು ನಾಲ್ಕು ಸಲ ಕೈಯಿಂದ ತೂಗಿದ್ದು ನಿಜ. ಅದು ಉಡುಗೊರೆಯನ್ನು ಸ್ವೀಕರಿಸಿದಂತಾಗುತ್ತದೆಯೇ ಎಂಬುದು ನನಗೆ ತಿಳಿಯದು. ಸತ್ಯ ಹೇಳಬೇಕೆಂದು ಸಾರ್ಜೆಂಟ್ ಹೇಳಿದ್ದರಿಂದ ಬರೆದಿದ್ದೇನೆ.

ಮರುದಿನ ಅದನ್ನು ಮಾಡಿ ತೂಗುಹಾಕಿದವರು ಸ್ಥಾವರದ ಕಂಟ್ರೋಲ್ ರೂಮಿನ ಪಾಳಿ ಮುಖ್ಯಸ್ಥ ಡೆಲ್ಮರ್ ಸ್ಟಕಿ ಎಂದು ಗೊತ್ತಾಯಿತು. ಅವರೇ ಒಪ್ಪಿಕೊಂಡರಂತೆ. ಓರಿನ್ ಅಂದೇ ತಮ್ಮ ಮೇಲಧಿಕಾರಿಗೆ ತಿಳಿಸಿದರು. ವಾಪಸ್ ಕೊಟ್ಟರೆ ಸಾಕು ಎಂದು ಉತ್ತರ ಬಂತು. ಅಂದು ಸಂಜೆ ನಾನು ಉಯ್ಯಾಲೆಯಲ್ಲಿ ಕೂರಲಿಲ್ಲ. ಕಿಟಕಿಯಿಂದ ನೋಡಿದೆ.

ಮಂಗಳವಾರ, ಜೂನ್ 3ರಂದು ಬೆಳಿಗ್ಗೆ ದಿನಸಿ ಅಂಗಡಿಯ ಹೊರಗೆ ಶ್ರೀ ಸ್ಟಕಿ ತಮ್ಮ ಟ್ರಕ್ಕಿಗೆ ನಾಯಿಯ ಆಹಾರದ ಚೀಲ ಏರಿಸುತ್ತಿದ್ದರು. ಅವರಿಗೆ ಸುಮಾರು ಅರವತ್ತು ವರ್ಷ, ಎತ್ತರದ ಆಳು. ನಾನೇ ಹೋಗಿ ಪರಿಚಯ ಮಾಡಿಕೊಂಡೆ.

"ಅಯ್ಯೋ, ಬೈಯೋಕೆ ಬಂದ್ಯೇನಮ್ಮ?" ಎಂದರು.

ಇಲ್ಲವೆಂದೂ, ಅಷ್ಟು ಚೆಂದದ ವಸ್ತುವನ್ನು ನನಗೆ ಯಾರೂ ಕೊಟ್ಟಿರಲಿಲ್ಲವೆಂದೂ, ಆದರೂ ಅದು ವಾಪಸ್ ಹೋಗಬೇಕೆಂದೂ ತಿಳಿಸಿದೆ. ನನ್ನ ಪತಿಯ ವರದಿಯಿಂದ ಅವರ ಪಾಳಿಗೇ ಹೆಚ್ಚು ಏಟು ಬಿದ್ದಿದೆಯಲ್ಲ, ಮತ್ತೆ ಯಾಕೆ ಮಾಡಿದಿರಿ ಎಂದೂ ಕೇಳಿದೆ.

ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ನೋಡು, ಆ ವರದಿಗೆ ಮುಂಚೆ ಒಂದಿನ ಅಲಾರಂ ಹೊಡ್ಕೊಂಡಾಗ ತಪ್ಪು ಮಾಡಿದ್ದು ನಾವೇ. ಅದನ್ನ ನಿನ್ನ ಗಂಡ ನಮ್ಮ ಲೆಕ್ಕಕ್ಕೆ ಬರೆದ. ಆದರೆ ರಿಪೇರಿ ಮುಂದಕ್ಕೆ ಹಾಕ್ತಾ ಹೋಗಿದ್ದು ಕಂಪನಿ. ಅದನ್ನ ಕಂಪನಿ ಲೆಕ್ಕಕ್ಕೆ ಬರೆದ. ಎಲ್ಲಾನೂ ನಮ್ಮ ತಲೆಗೇ ಕಟ್ಟಬಹುದಾಗಿತ್ತು, ಕಟ್ಟಲಿಲ್ಲ. ನಿನ್ನ ಗಂಡನ ಮುಖ ನೋಡಿದ್ರೆ ನಗೋದೇ ಮರೆತವನ ಥರ ಇದಾನೆ, ಉಯ್ಯಾಲೆಲಾದ್ರೂ ನಗಲಿ ಅಂದ್ಕೊಂಡೆ" ಎಂದರು.

ಓರಿನ್ ನಗುತ್ತಾರೆ, ಬಹಳ ನಗುತ್ತಾರೆ ಎಂದು ನಾನು ಹೇಳಿದೆ.

ಆಮೇಲೆ ನಾನು ಜಾಣತನ ಮಾಡಲು ಹೋದೆ. ಇನ್ಸ್‌ಪೆಕ್ಟರ್ ಮನೆಗೆ ಸ್ಥಾವರದವರು ಬಂದುಹೋದರೆಂದು ಊರು ಮಾತಾಡಿಕೊಳ್ಳಬಾರದು, ಆದ್ದರಿಂದ ಇಬ್ಬರೂ ಮನೆಯಲ್ಲಿ ಇಲ್ಲದ ಶನಿವಾರ ಮಧ್ಯಾಹ್ನ ಬಂದು ಬಿಚ್ಚಿಕೊಂಡು ಹೋಗಿ, ಟ್ರಕ್ಕನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸಿ ಎಂದು ನಾನೇ ಸೂಚಿಸಿದೆ. ಈ ಏರ್ಪಾಡನ್ನು ಓರಿನ್‌ಗೆ ಹೇಳಿರಲಿಲ್ಲ. ರಜೆ ಮುಗಿದದ್ದರಿಂದ ಬುಧವಾರ ಚಿಕಾಗೋಗೆ ಬಂದುಬಿಟ್ಟೆ.

ಜೂನ್ 7ರ ಶನಿವಾರ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಎದುರು ಮನೆಯ ಶ್ರೀಮತಿ ಅಯೋನಾ ಫ್ಲೀಗಲ್ ಕಂಡಿದ್ದಾರೆ. ಓಣಿಯಲ್ಲಿ ಟ್ರಕ್ ನಿಲ್ಲಿಸಿದ ಗಂಡಸು ಹಾಡಹಗಲೇ ನವದಂಪತಿಗಳ ವರಾಂಡದಿಂದ ಉಯ್ಯಾಲೆ ಬಿಚ್ಚುತ್ತಿದ್ದಾನೆಂದು ಠಾಣೆಗೆ ಫೋನ್ ಮಾಡಿದರು. ಅವರ ಜಾಗದಲ್ಲಿ ನಾನಿದ್ದರೂ ಮಾಡುತ್ತಿದ್ದೆ. ಅಧಿಕಾರಿ ಬಂದಾಗ ಶ್ರೀ ಸ್ಟಕಿ ಉಯ್ಯಾಲೆ ತನ್ನದೆಂದಷ್ಟೇ ಹೇಳಿ, ಯಾರು ಕರೆದರು ಎಂಬುದಕ್ಕೆ ಬಾಯಿ ಬಿಡಲಿಲ್ಲವೆಂದು ತಿಳಿಯಿತು. ನನ್ನ ಹೆಸರು ಬಂದರೆ ಓರಿನ್‌ಗೆ ತೊಂದರೆಯಾದೀತು ಎಂಬುದು ಅವರ ಭಯ.

ಕಳವಿನ ಆರೋಪ ಇರುವವರು ಸ್ಥಾವರದ ಒಳಗೆ ಕಾಲಿಡುವಂತಿಲ್ಲ. ಭಾನುವಾರ ಅವರ ಪ್ರವೇಶ ಕಾರ್ಡನ್ನು ಕಿತ್ತುಕೊಳ್ಳಲಾಗಿದೆ. ರಿಯಾಕ್ಟರ್ ಮತ್ತೆ ಚಾಲೂ ಆಗುವ ಮೊದಲು ಅವರ ಪಾಳಿಗೆ ಪರೀಕ್ಷೆಯಿದೆ. ಅದು ಬರುವ ಸೋಮವಾರ. ಏಳು ತಿಂಗಳಿಂದ ಅವರು ಅದಕ್ಕೇ ಓದಿದ್ದಾರೆ. ನನ್ನ ಜಾಣತನದಿಂದ ಅದು ತಪ್ಪಬಾರದು.

ನಿನ್ನೆ ರಾತ್ರಿ ಓರಿನ್‌ಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಆಮೇಲೆ, "ಓಣಿ ಬೇರೆ ತೋರಿಸಿದ್ಯಾ?" ಎಂದರು. ಹೌದೆಂದೆ. ಅವರು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಶ್ರೀ ಸ್ಟಕಿ ಅವರಿಗೆ ಇದನ್ನು ದಯವಿಟ್ಟು ತಿಳಿಸುವುದು. ಎಲ್ಲವನ್ನೂ ಇದ್ದಂತೆ ಬರೆದುಕೊಡು, ಕೈಯಿಂದ ತೂಗಿದ್ದನ್ನೂ ಸೇರಿಸಿ, ಎಂದು ಹೇಳಿದವರು ಅವರೇ.

ಠಾಣೆಯಲ್ಲಿರುವ ಉಯ್ಯಾಲೆಯನ್ನು ಶ್ರೀ ಸ್ಟಕಿ ಅವರಿಗೆ ಒಪ್ಪಿಸಲು ನನ್ನ ಅಭ್ಯಂತರವಿಲ್ಲ. ಓರಿನ್‌ಗೆ ವರ್ಗವಾಗುವ ಹೊತ್ತಿಗೆ ತಾನೂ ನಿವೃತ್ತನಾಗಿರುತ್ತೇನೆ, ಆಗ ಯಾವ ಊರಿಗಾದರೂ ಟ್ರಕ್ಕಿನಲ್ಲಿ ತಂದು ಹಾಕಿಕೊಡುತ್ತೇನೆ ಎಂದು ಅವರು ಅಂಗಡಿಯ ಮುಂದೆ ಹೇಳಿದ್ದರು. ಹೆಚ್ಚೆಂದರೆ ಐದು ವರ್ಷ. ನಾವು ಕಾಯುತ್ತೇವೆ.

ಮೇಲೆ ಬರೆದದ್ದೆಲ್ಲ ನನಗೆ ತಿಳಿದಂತೆ ನಿಜ. ಯಾರ ಒತ್ತಾಯವೂ ಇಲ್ಲದೆ ಬರೆದಿದ್ದೇನೆ. ಸಂತೋಷ ಎಲ್ಲಾದರೂ ಹೆಚ್ಚಾಗಿದ್ದರೆ ಅದೂ ನಿಜವೇ.

ಸ್ಥಳ: ಚಿಕಾಗೋ
ದಿನಾಂಕ: 10 ಜೂನ್ 1997
ಸಹಿ: ಲೆನೋರ್ ಟಾಲ್ಬರ್ಗ್

ಇದರ ಪ್ರತಿಯನ್ನು ಇಂದೇ ಫ್ಯಾಕ್ಸ್ ಮಾಡುತ್ತಿದ್ದೇನೆ. ಸೋಮವಾರದ ಪರೀಕ್ಷೆಗೆ ಮೊದಲೇ ಠಾಣೆಗೆ ಖುದ್ದಾಗಿ ಬಂದು ಮೂಲಪ್ರತಿಯನ್ನು ಕೊಡುತ್ತೇನೆ. ರೈಲು ನಿಲ್ದಾಣಕ್ಕೆ ತನ್ನ ಟ್ರಕ್ ತರುವುದಾಗಿ ಶ್ರೀ ಸ್ಟಕಿ ಹೇಳಿ ಕಳಿಸಿದ್ದರು, ಅದೂ ಉಡುಗೊರೆಯೇ ಆಗುತ್ತದೆಂದು ಬೇಡವೆಂದೆ. ಶ್ರೀಮತಿ ಫ್ಲೀಗಲ್ ಕಾರು ತರುತ್ತಾರೆ, ಕಾರಿನಲ್ಲಿ ಚೆರ್ರಿ ಪೈ ಕೂಡ ಇರುತ್ತದಂತೆ, ಅವರು ಸ್ಥಾವರದವರಲ್ಲ. ಹದಿಮೂರನೇ ತಾರೀಖಿನ ಶುಕ್ರವಾರ ಪ್ರಯಾಣ ಅಪಶಕುನ ಎಂದು ಅಮ್ಮ ಗೊಣಗುತ್ತಿದ್ದಾರೆ. ಆದರೂ ನಾನು ಬರುವುದು ಶುಕ್ರವಾರ, ಜೂನ್ 13, ಚಿಕಾಗೋದಿಂದ ಸಂಜೆ ಹೊರಡುವ ಸ್ಟೇಟ್ ಹೌಸ್ ರೈಲಿನಲ್ಲಿ.