‘ಬರ್ಬರ’ ಅಂತ ಹಾಕದ ಸುದ್ದಿ

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಪತ್ರಿಕೆಯ ವರದಿಗಾರನೊಬ್ಬ, ಜೊತೆಗೆ ಅದೇ ಕಚೇರಿಯಲ್ಲಿ ಕರಡು ತಿದ್ದುವ ಹಿರಿಯಾಕೆ.

“ಮೊನ್ನೆ ಕೆಲಸಕ್ಕೆ ಸೇರಿದವಳು ಬರೆದ ಕೊಲೆ ಸುದ್ದಿ ಮುಖಪುಟದಲ್ಲಿ! ‘ಬರ್ಬರ ಹತ್ಯೆ’ ಅಂತಲೂ ಹಾಕಿಲ್ಲ, ಅಕ್ಕ.”

“ಕೊಲೆಯಾದ ತಾಯಿ ಸಾಯೋ ಹೊತ್ತಿಗೆ ಮಗಳಿಗೆ ಎರಡು ಜಡೆಯಲ್ಲಿ ಒಂದು ಮಾತ್ರ ಹಾಕಿದ್ದಳು ಅಂತ ಬರೆದಿದ್ದಾಳಲ್ಲ, ಸಾಲದಾ?”

“ಹೊಟ್ಟೆ ಉರಿಯುತ್ತೆ. ಹತ್ತು ವರ್ಷದಿಂದ ಬರ್ಬರ, ಪೈಶಾಚಿಕ ಅಂತ ಬರೀತಿದ್ದೀನಿ, ನನ್ನದು ಒಳಪುಟ ದಾಟಲಿಲ್ಲ.”

“ನಾಯಿ ಕಚ್ಚಿದ್ದಕ್ಕೂ ನೀನು ಬರ್ಬರ ಅಂದಿದ್ದೆ. ಅಳಿಸಿದ್ದು ನಾನೇ.”

“ಅದಿಲ್ಲದೆ ಕ್ರೌರ್ಯ ಗೊತ್ತಾಗೋದು ಹೇಗೆ?”

“ಹೋದ ವಾರ ನೀನು ಬರೆದ ಕೊಲೆ. ಸತ್ತವರು ಯಾರು, ಹೇಳು.”

“ಅದು… ಬರ್ಬರ ಅಂತ ಹಾಕಿದ್ದಂತೂ ನೆನಪಿದೆ.”

ಬಸ್ಸು ಬಂತು. ಮೆಟ್ಟಿಲು ಹತ್ತುತ್ತಾ ಅವನು ಕೇಳಿದ: “ಅಲ್ಲ ಅಕ್ಕ, ಆ ಮಗುವಿಗೆ ಇನ್ನೊಂದು ಜಡೆ ಯಾರು ಹಾಕಿದರಂತೆ?”