ಮಾಯಮ್ಮನ ಬಾಗಿಲಲ್ಲಿ ಅತ್ತವಳು

ಭದ್ರ ಆ ಬಾವಿ ದಾಟುವ ಹೊತ್ತಿಗೆ ಪೂರ್ತಿ ಕತ್ತಲಾಗಿತ್ತು.

ಆಲದ ಮರದ ಬುಡದಲ್ಲಿ ಒಂದು ಹಳೇ ಸೇದೋ ಬಾವಿ. ಹಗ್ಗ ಇಲ್ಲ, ಬಿಂದಿಗೆ ಇಲ್ಲ, ಬರೀ ರಾಟೆ. ಊರವರು ಅದರ ನೀರು ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ ರಾಟೆ ತಿರುಗುತ್ತಿತ್ತು. ಕಿರ್ರ್... ಕಿರ್ರ್... ಆಮೇಲೆ ನಿಂತಿತು. ಗಾಳಿಗೆ ತಿರುಗಿದ್ದರೆ ಮರದ ಎಲೆಯೂ ಅಲ್ಲಾಡಬೇಕಿತ್ತು ತಾನೆ? ಒಂದೆಲೆಯೂ ಅಲ್ಲಾಡಲಿಲ್ಲ.

ನಾನಾಗಿದ್ದರೆ ಅಲ್ಲೇ ನಿಂತು "ಯಾರದು, ಬಾ ಈಚೆಗೆ" ಅಂತ ಗದರಿಸುತ್ತಿದ್ದೆ. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾದಿಂದ ತಪ್ಪಿಸಿಕೊಂಡು ಬಂದ ಸಲಗಕ್ಕೇ "ಏಯ್, ಆ ಕಡೆ ಹೋಗು" ಅಂದವನು ನಾನು. ಹೋಯಿತು. ಅದು ಮೊದಲೇ ಆ ಕಡೆಗೇ ಹೊರಟಿತ್ತು ಅನ್ನುವವರು ಇದ್ದಾರೆ. ಹೊಟ್ಟೆಕಿಚ್ಚು. ಆವತ್ತು ಬಾವಿ ಹತ್ತಿರ ನಾನಿರಲಿಲ್ಲ, ನನಗೆ ಹಲ್ಲುನೋವು. ಇದ್ದವನು ನನ್ನ ಚಿಕ್ಕಪ್ಪನ ಮಗ ವೀರಭದ್ರಸ್ವಾಮಿ, ನಮ್ಮ ಭದ್ರ. ಅವನಿಗೆ ದೆವ್ವದ ಮೇಲೆ ನಂಬಿಕೆ ಇರಲಿಲ್ಲ. ಅವನು ಪೇಪರಿನವನು.

ಪೇಪರಿನವನು ಅಂದರೆ, ಹುಣಸೂರಿನ ಸುದ್ದಿಯನ್ನೆಲ್ಲ ಬರೆದು ಸಂಜೆ ಬಸ್ಸಿಗೆ ಕೊಟ್ಟು ಮೈಸೂರಿನ ಒಂದು ಪತ್ರಿಕೆಗೆ ಕಳಿಸುತ್ತಿದ್ದ. ಪುರಸಭೆಯ ಜಗಳ, ಲಕ್ಷ್ಮಣತೀರ್ಥದಲ್ಲಿ ನೀರು ಬಂದದ್ದು, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಹತ್ತಿಕೊಂಡು ಉರಿದದ್ದು, ಸಂತೆಯಲ್ಲಿ ಎತ್ತು ಹಾಯ್ದದ್ದು, ಎಲ್ಲಾ. ಕಾಂಗ್ರೆಸ್ಸು ಎರಡು ಹೋಳಾದ ಕಾಲ ಅದು. ಊರಿನಲ್ಲಿ ಯಾರು ಯಾವ ಹೋಳು ಅನ್ನುವುದನ್ನು ಅವರ ಹೆಂಡತಿಯರಿಗಿಂತ ಮುಂಚೆ ಭದ್ರ ತಿಳಿದಿರುತ್ತಿದ್ದ. ಅವನು ಹೇಳಿದ ಮೇಲೆ ಮುಗಿಯಿತು, ಜನ ಇನ್ನೊಬ್ಬರನ್ನು ಕೇಳುತ್ತಿರಲಿಲ್ಲ.

ಅದೇ ಅವನಿಗೆ ಕುತ್ತಾಯಿತು.

ಆವತ್ತು ಬೆಳಿಗ್ಗೆ ಅವನ ಸೋದರಮಾವ ಕೆಂಪಯ್ಯ ಹಿತ್ತಿಲಲ್ಲಿ ಮುಖ ತೊಳೆಯುತ್ತಿದ್ದಾಗ ಕಾಗೆ ಬಂದು ನೆತ್ತಿಗೆ ಕುಕ್ಕಿ ಹೋಗಿತ್ತು. ಟಪ್ ಅಂತ ಸದ್ದು ಬಂತಂತೆ. ಕೆಂಪಯ್ಯ ನಕ್ಕ. ಅವನ ಹೆಂಡತಿ ಚಿಕ್ಕಸಿದ್ದಮ್ಮ ನಗಲಿಲ್ಲ. ಕಾಗೆ ತಲೆ ಮುಟ್ಟಿದರೆ ಏನರ್ಥ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅದಕ್ಕೆ ಪರಿಹಾರವೂ ಗೊತ್ತು. ಹತ್ತಿರದ ನೆಂಟರಿಗೆ "ಇಂಥವರು ಹೋಗಿಬಿಟ್ಟರು" ಅಂತ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಅಳಬೇಕು. ಬರಬೇಕಾದ ಕಣ್ಣೀರು ಮುಂಚೆಯೇ ಬಂದುಹೋದರೆ ಸಾವು ದಾರಿ ತಪ್ಪುತ್ತದೆ.

ಚಿಕ್ಕಸಿದ್ದಮ್ಮನ ತಾಯಿ ಕುಳ್ಳಮ್ಮಜ್ಜಿ ಭದ್ರನನ್ನು ಕರೆಸಿದಳು.

"ಪಿರಿಯಾಪಟ್ಟಣದ ದಾರೀಲಿ ನಿಮ್ಮ ದೊಡ್ಡವ್ವ ಮಾಯಮ್ಮ ಅವ್ಳಲ್ಲ, ಅವಳ ತಾವ ಓಗಿ ಏಳ್ಬುಟ್ಟು ಬಾ. ತಮ್ಮ ಅಂದ್ರೆ ಪ್ರಾಣ ಅವಳ್ಗೆ. ಚೆನ್ನಾಗಿ ಅಳ್ತಾಳೆ."

"ಅಜ್ಜಿ, ನಾನು ಪೇಪರಿನವನು. ಸುಳ್ಳು ಸುದ್ದಿ ಹೇಳಕ್ಕಾಗುತ್ತಾ?"

"ಓಗ್ಲಾ, ಕಂಡಿವ್ನಿ. ಮಂತ್ರಿ ಬಂದಾಗ ಜನಸಾಗರ ಅಂತ ಬರ್ದಿದ್ಯಂತಲ್ಲ? ಅಲ್ಲಿದ್ದೋರು ನಾನು, ನೀನು, ಆ ಮೈಕಿನವ್ನು."

 ಅಜ್ಜಿ ಅವನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಆಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ಒಂದು ಮಾತು ಕೇಳು. ಯಾರು ಅಳ್ತಾರೋ, ಅವರ್ಗೇ ನೀನೇ ಏಳ್ಬೇಕು, ಸುಳ್ಳು ಅಂತ. ಅಳುಸ್ದೋನೇ ಕಣ್ಣೀರು ಒರೆಸ್ಬೇಕು. ಮರ್ತ್ ಬಂದ್ಯೋ, ನೀನು ಏಳಿದ್ದೇ ನಿಜ ಆಯ್ತದೆ. ನನ್ ಮಗಳ ತಾಳಿ ನಿನ್ ಬಾಯಲ್ಲಿ ಅದೆ."

ಭದ್ರ ಹೊರಟ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಕಂಡಕ್ಟರು ರೇಡಿಯೇಟರಿಗೆ ನೀರು ತರುತ್ತೇನೆಂದು ಹೋದವನು ಯಾರದೋ ಮನೆಯಲ್ಲಿ ಊಟ ಮಾಡಿಕೊಂಡು ಬಂದ. ಹಾಗಾಗಿ ರಸ್ತೆಯಲ್ಲಿ ಇಳಿದು ಆ ಊರಿನ ಕಡೆ ನಡೆಯುವಾಗ ಕತ್ತಲು. ಊರಿನ ಹೆಸರು ಕೇಳಬೇಡಿ. ಹೇಳಿದರೆ ನಾಳೆಯಿಂದ ಆ ಊರಿಗೆ ಯಾರೂ ಹೆಣ್ಣು ಕೊಡಲ್ಲ.

ಬಾವಿ ದಾಟಿದ. ಮಾಯಮ್ಮನ ಮನೆ ಸಿಕ್ಕಿತು. ದೀಪ ಇರಲಿಲ್ಲ. ಸೀಮೆಎಣ್ಣೆ ಮುಗಿದಿರಬೇಕು ಅಂದುಕೊಂಡ.

"ದೊಡ್ಡವ್ವಾ..." ಅಂತ ಅಂಗಳದಿಂದಲೇ ಕೂಗಿದ.

ಜಗಲಿಯ ಮೇಲೆ ಹೆಂಗಸೊಬ್ಬಳು ನಿಂತಿದ್ದಳು. ತಲೆ ಮೇಲೆ ಸೆರಗು. ಬಾಗಿಲು ತೆಗೆದ ಸದ್ದು ಕೇಳಿಸಿತಾ ಅಂತ ನಾನು ಆಮೇಲೆ ಭದ್ರನನ್ನು ಕೇಳಿದ್ದೀನಿ. ಅವನು "ಇಲ್ಲ" ಅಂದ.

"ದೊಡ್ಡವ್ವ, ಕೆಂಪಯ್ಯ ಮಾವ... ಹೋಗಿಬಿಟ್ಟ."

ಅವಳು ಹಾಗೇ ಕುಸಿದು ಕೂತಳು. ಅಂಗೈಯಿಂದ ಜಗಲಿ ಬಡಿದಳು. ಪಟ್... ಪಟ್... ಒದ್ದೆ ಬಟ್ಟೆಯನ್ನು ಕಲ್ಲಿಗೆ ಹಾಕಿದ ಹಾಗೆ. ಆಮೇಲೆ ಅಳು ಶುರುವಾಯಿತು. ಸಾವಿನ ಮನೆಯ ಅಳು ಹೇಗಿರುತ್ತದೆ ಗೊತ್ತಲ್ಲ, ಹಾಡಿಕೊಂಡು, ಹೆಸರು ಹಿಡಿದು ಕರೆದುಕೊಂಡು? ಇದು ಹಾಗಿರಲಿಲ್ಲ. ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ. ಊಂ... ಊಂ... ಊಂ... ಉಸಿರು ಎಳೆದುಕೊಂಡ ಸದ್ದೇ ಇಲ್ಲ.

ಇಷ್ಟಾದರೂ ನಮ್ಮ ಭದ್ರನಿಗೆ ಒಳಗೊಳಗೇ ಜಂಬ. ಎಷ್ಟು ಚೆನ್ನಾಗಿ ನಂಬಿಸಿದೆ! ಇನ್ನೂ ಸ್ವಲ್ಪ ಅಳಲಿ ಅಂತ ಬಿಟ್ಟ. ಅಲ್ಲೇ ತಪ್ಪಿದ್ದು. "ದೊಡ್ಡವ್ವ, ಸಾಕು ಬುಡು" ಅನ್ನುವಷ್ಟರಲ್ಲಿ ಅವಳು ಎದ್ದಳು. ಗೋಡೆ ಪಕ್ಕಕ್ಕೆ ಸರಿದಳು. ಕತ್ತಲಲ್ಲಿ ಕಾಣಲಿಲ್ಲ.

"ದೊಡ್ಡವ್ವಾ! ಸುಳ್ಳು ಕಣವ್ವ! ಕಾಗೆ ಮುಟ್ಟಿತ್ತು, ಅದಕ್ಕೇ..."

ಇನ್ನೂ ಗಟ್ಟಿಯಾಗಿ ಕೂಗಿದ.

ಪಕ್ಕದ ಮನೆಯಿಂದ ಲಾಟೀನು ಈಚೆ ಬಂತು. ಲಾಟೀನಿನ ಹಿಂದೆ ಕರಿಯಪ್ಪ ಅನ್ನುವ ಮುದುಕ.

"ಯಾರ್ಲಾ ಅದು, ಕತ್ಲೇಲಿ ಬಾಗ್ಲು ತಾವ?"

"ಹುಣಸೂರು ಭದ್ರ ಕಣ್ರೀ. ದೊಡ್ಡವ್ವನ ಹತ್ರ ಮಾತಾಡ್ತಿದ್ದೆ. ಈಗ ಒಳಕ್ಕೆ ಹೋದ್ರು."

"ಒಳಕ್ಕಾ?" ಕರಿಯಪ್ಪ ಲಾಟೀನು ಬಾಗಿಲಿಗೆ ಹಿಡಿದ. "ಎಂಗೋದ್ಳು, ತೋರ್ಸು."

ಚಿಲಕಕ್ಕೆ ಬೀಗ. ಹೊರಗಿನಿಂದ.

"ಮಾಯಮ್ಮ ಮಧ್ಯಾನದ ಬಸ್ಸಿಗೇ ಹುಣಸೂರಿಗೆ ಓದ್ಲು. ತಮ್ಮನ್ನ ನೋಡಂಗಾಯ್ತದೆ ಅಂದ್ಲು. ನೀನ್ಯಾಕ್ಲಾ ಬೀಗ ಆಕಿರೋ ಮನೆ ತಾವ ನಿಂತಿದ್ದೀಯೆ? ಜೇಬಲ್ಲೇನದೆ?"

ಅವನ ಅನುಮಾನ ಇವನ ಮೇಲೆ. ಇವನ ಅನುಮಾನ ಅವನ ಮೇಲೆ. ಮುದುಕ ತನ್ನನ್ನು ಆಟ ಆಡಿಸುತ್ತಿದ್ದಾನೆ, ದೊಡ್ಡವ್ವ ಹಿತ್ತಿಲಲ್ಲಿ ನಿಂತು ನಗುತ್ತಿದ್ದಾಳೆ ಅಂತ ಭದ್ರ ಬೀಗ ಹಿಡಿದು ಜಗ್ಗಿದ. ಗಟ್ಟಿಯಾಗಿತ್ತು. ಕರಿಯಪ್ಪ "ಕಳ್ಳನ ಮಗನೇ" ಅಂತ ಕೋಲು ಎತ್ತಿದ. ಎತ್ತಿದ ಕೋಲು ಹಾಗೇ ನಿಂತಿತು.

ಊಂ... ಊಂ... ಊಂ...

ಆಲದ ಮರದ ಕಡೆಯಿಂದ.

"ಕೇಳುಸ್ತಾ?" ಅಂದ ಭದ್ರ, ಪಿಸುಮಾತಿನಲ್ಲಿ.

"ಊಂ," ಅಂದ ಕರಿಯಪ್ಪ.

"ಯಾರದು?"

"ಗೊತ್ತಿಲ್ಲ ಕಣಪ್ಪ. ಕೇಳಕ್ಕೆ ಯಾರೂ ಓಗಿಲ್ಲ."

"ಈಗ ಏನ್ಮಾಡೋದು?"

"ಕೇಳುಸ್ದಂಗೆ ಇರು."

ಕೇಳಿಸದ ಹಾಗೆ ಇರೋದು ಹೇಗೆ? ಭದ್ರನ ತಲೆಯಲ್ಲಿ ಅಜ್ಜಿಯ ಮಾತೇ. ಅತ್ತದ್ದು ಮಾಯಮ್ಮ ಅಲ್ಲ. ಅತ್ತದ್ದು ಅವಳು. ಯಾರಾದರೂ ಆಗಿರಲಿ, ಅಳಿಸಿದವನು ಇವನೇ. ಸುಳ್ಳು ಅಂತ ಅವಳಿಗೆ ಹೇಳದೆ ಬಸ್ಸು ಹತ್ತಿದರೆ ಅಲ್ಲಿ ಹುಣಸೂರಿನಲ್ಲಿ ಮಾವ... ಮುಂದಕ್ಕೆ ಯೋಚನೆ ಮಾಡಲಿಲ್ಲ.

"ಲಾಟೀನು ಕೊಡ್ರೀ."

"ಒಸಾದು ಕಣ್ಲಾ," ಅಂದ ಕರಿಯಪ್ಪ. ಕೊಡಲಿಲ್ಲ.

ಪೇಪರಿನಲ್ಲಿ ತಪ್ಪು ಸುದ್ದಿ ಬಂದರೆ ಮಾರನೇ ದಿನ ಒಳಪುಟದ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ತಿದ್ದುಪಡಿ ಹಾಕುತ್ತಾರೆ. ಯಾರೂ ಓದಲ್ಲ. ನಮ್ಮ ಭದ್ರ ಕತ್ತಲಲ್ಲಿ ಬಾವಿಯ ತನಕ ನಡೆದುಕೊಂಡು ಹೋಗಿ ತಿದ್ದುಪಡಿ ಹಾಕಬೇಕಾಯಿತು. ನಾನು ಎಷ್ಟೇ ಕೊಚ್ಚಿಕೊಂಡರೂ ಇಷ್ಟು ಹೇಳುತ್ತೀನಿ, ಅಂಥ ಎದೆ ನನಗಿಲ್ಲ. ಸಲಗದ ಮಾತು ಬೇರೆ.

ಮರದ ಕೆಳಗೆ ಏನೂ ಕಾಣುತ್ತಿರಲಿಲ್ಲ. ಅಳು ಬಾವಿಯ ಒಳಗಿನಿಂದಲೋ, ಆ ಪಕ್ಕದಿಂದಲೋ ತಿಳಿಯಲಿಲ್ಲ.

"ಅವ್ವಾ..."

ಅಳು ನಿಂತಿತು. ನಿಂತದ್ದೇ ಇನ್ನೂ ಕೆಟ್ಟದಾಗಿತ್ತಂತೆ.

"ಸುಳ್ಳು ಕಣವ್ವ. ನಾನು ಹೇಳಿದ್ದು ಸುಳ್ಳು. ಕೆಂಪಯ್ಯ ಸತ್ತಿಲ್ಲ. ಬದುಕವ್ನೆ."



ರಾಟೆ ಒಂದು ಸುತ್ತು ತಿರುಗಿತು. ಕಿರ್ರ್...

"ನೀ ನೋಡಿದ್ಯಾ?"

ದನಿ ಹೆಂಗಸಿನದೇ. ಸಣ್ಣದು. ಕಿವಿಯ ಪಕ್ಕದಲ್ಲೇ.

"ನೋಡಿದೀನಿ ಕಣವ್ವ. ಬೆಳಿಗ್ಗೆ..."

"ಈಗ?"

 ಎಷ್ಟು ಜನ ಭದ್ರನ ಸುದ್ದಿ ಓದಿದ್ದರು, ಯಾರೂ ಇದನ್ನು ಕೇಳಿರಲಿಲ್ಲ. ಈಗ ಮಾವ ಇದ್ದಾನಾ? ಅವನಿಗೇನು ಗೊತ್ತು? ಅವನು ನೋಡಿದ್ದು ಬೆಳಿಗ್ಗೆ.

"ಈಗ... ಗೊತ್ತಿಲ್ಲ," ಅಂದ.

ಆಮೇಲೆ ಅಲ್ಲಿ ಯಾರೂ ಇಲ್ಲ ಅನ್ನುವುದು ಅವನಿಗೆ ಗೊತ್ತಾಯಿತು. ಹೇಗೆ ಅಂದರೆ ಹೇಳಕ್ಕೆ ಬರಲ್ಲ ಅಂತಾನೆ. ತುಂಬಿದ ಬಸ್ಸು ಖಾಲಿಯಾದ ಹಾಗಂತೆ.

ಓಡಿದ. ಚಪ್ಪಲಿ ಎಲ್ಲಿ ಬಿಟ್ಟನೋ. ರಸ್ತೆಗೆ ಬರುವಷ್ಟರಲ್ಲಿ ಬೈಲಕುಪ್ಪೆಯಿಂದ ಟಿಬೆಟಿನವರ ಮುಸುಕಿನ ಜೋಳ ಹೇರಿಕೊಂಡು ಮೈಸೂರಿಗೆ ಹೊರಟಿದ್ದ ಲಾರಿ ಸಿಕ್ಕಿತು. ಅಡ್ಡ ನಿಂತ. ಚೀಲಗಳ ಮೇಲೆ ಜಪಮಣಿ ತಿರುಗಿಸುತ್ತಾ ಕೂತಿದ್ದ ಟಿಬೆಟಿನ ಮುದುಕನೊಬ್ಬ ಇವನ ಮುಖ ನೋಡಿ, ಏನೂ ಕೇಳದೆ, ಹೊದ್ದಿದ್ದ ಕಂಬಳಿಯ ಅರ್ಧ ಕೊಟ್ಟ. ಹುಣಸೂರು ಬರುವವರೆಗೆ ಭದ್ರನ ಹಲ್ಲು ಕಟಕಟ ಅನ್ನುತ್ತಲೇ ಇದ್ದವು.

ಬಸ್‌ಸ್ಟ್ಯಾಂಡಿನಲ್ಲಿ ಇಳಿದ. ಬೀಡಾ ಅಂಗಡಿಯವನು ಬಾಗಿಲು ಹಾಕುತ್ತಿದ್ದವನು ಇವನನ್ನು ಕಂಡು ಹತ್ತಿರ ಬಂದ. ಮುಖ ಸಣ್ಣಗೆ ಮಾಡಿಕೊಂಡಿದ್ದ.

"ಸ್ವಾಮೇರಾ, ಕೆಂಪಯ್ಯನೋರು ಓಗ್ಬುಟ್ರಂತಲ್ಲ? ಒಂದ್ ಮಾತು ಏಳ್ಬಾರ್ದಾ?"

ಭದ್ರ ಅವನ ತೋಳು ಹಿಡಿದುಕೊಂಡ. "ಯಾರು ಹೇಳಿದ್ದು?"

"ಯಾರೋ ಎಂಗ್ಸು. ಈಗ್ತಾನೆ. ಸತ್ತೋದ ಕೆಂಪಯ್ಯನ ಮನೆ ಯಾವುದು ಅಂದ್ಲು. ನಾನೇ ದಾರಿ ತೋರಿಸ್ದೆ."

ನೆನಪಿರಲಿ, ಲಾರಿಗಿಂತ ಮುಂದೆ ಆ ದಾರಿಯಲ್ಲಿ ಯಾವ ಬಸ್ಸೂ ಬಂದಿರಲಿಲ್ಲ. ಭದ್ರನನ್ನು ಇಳಿಸಿ ಮುಂದೆ ಹೋದ ಆ ಕೆಟ್ಟ ಬಸ್ಸು ಇನ್ನೂ ಪಿರಿಯಾಪಟ್ಟಣದಲ್ಲೇ ಇತ್ತು.

ಭದ್ರ ಮಾವನ ಮನೆಗೆ ಹೋಗಿ ಬಾಗಿಲು ಬಡಿದ. ಒಳಗೆ ಸದ್ದಿಲ್ಲ. ಮತ್ತೆ ಬಡಿದ. ಕೈ ಸೋಲುವ ತನಕ ಬಡಿದ. ಕೊನೆಗೆ ಅಗಳಿ ತೆಗೆದ ಸದ್ದು. ಬಾಗಿಲಲ್ಲಿ ಕೆಂಪಯ್ಯ ಮಾವ. ಬಾಯಿ ತುಂಬಾ ಎಲೆಅಡಿಕೆ. ಉಗುಳಿ ಬಂದು ಮಾತಾಡಿದ.

"ಏನ್ಲಾ ಇದು, ಬಾಗ್ಲು ಮುರಿತೀಯಾ? ನೀನು ಆ ಕಡೆ ಓದೆ, ಅಕ್ಕ ಈ ಕಡೆ ಬಂದ್ಲು. ಯಾರನ್ ಅಳುಸ್ಬುಟ್ ಬಂದೆ?"

ಭದ್ರ ಅವನನ್ನು ಮುಟ್ಟಿ ನೋಡಿದ. ತೋಳು, ಎದೆ, ಕೆನ್ನೆ. ಬೆಚ್ಚಗಿದ್ದ. "ಮನೇಲಿ ಯಾರವ್ರೆ?" ಅಂದ.

"ಎಲ್ಲಾ ಮಾರಮ್ಮನ ಗುಡೀಗೆ ಓಗವ್ರೆ. ನನ್ನ ಒಳಗೆ ಕೂಡಾಕ್ಕೊಂಡಿರು ಅಂದವ್ರೆ, ಅಗಳಿ ಆಕ್ಕೊಂಡು ಕೂತಿವ್ನಿ. ಅಕ್ಕ ಒಬ್ಬಳು ಮಾತ್ರ ಗುಡಿಯಿಂದ ಮುಂಚೆ ಬಂದ್ಲು. ಒಲೆ ಮುಂದೆ ಕೂತ್ಕೊಂಡು ನನ್ನೇ ನೋಡ್ತಾವ್ಳೆ. ಏನಕ್ಕ ಅಂದೆ. ಏನಿಲ್ಲ, ಇದ್ದೀಯೋ ಇಲ್ವೋ ನೋಡ್ಬುಟ್ಟು ಓಗಾನ ಅಂತ ಬಂದೆ ಅಂದ್ಲು. ಇವ್ನಿ ಕಣಕ್ಕ ಅಂದೆ. ಸರಿ ಬುಡು ಅಂದ್ಲು."

"ಈಗೆಲ್ಲಿ?"

"ಒಳಗೇ ಇರ್ಬೇಕು."

ಆಗಲೇ ಬೀದಿಯಲ್ಲಿ ಹೆಂಗಸರ ಮಾತು ಕೇಳಿಸಿತು. ಗುಡಿಯಿಂದ ಬಂದರು. ಚಿಕ್ಕಸಿದ್ದಮ್ಮ, ಕುಳ್ಳಮ್ಮಜ್ಜಿ, ಅವರ ಮಧ್ಯೆ ತೆಂಗಿನಕಾಯಿ ಹೋಳು ಹಿಡಿದುಕೊಂಡು ಮಾಯಮ್ಮ ದೊಡ್ಡವ್ವ. ಸಂಜೆಯಿಂದ ಮೂವರೂ ಒಟ್ಟಿಗೇ ಇದ್ದರಂತೆ.

ಮಾವನ ಮುಖದ ನಗು ಹೋಯಿತು.

ಕುಳ್ಳಮ್ಮಜ್ಜಿ ಭದ್ರನ ಕಥೆಯನ್ನು ನಿಂತಲ್ಲೇ ಕೇಳಿದಳು. ಪೂರ್ತಿ ಕೇಳಿದ ಮೇಲೆ ಇಷ್ಟೇ ಅಂದಳು: "ಅತ್ತೋಳೇ ಬಂದು ಕಣ್ಣಾರೆ ನೋಡ್ಕೊಂಡ್ ಓದ್ಲಲ್ಲ, ಆಯ್ತು ಬುಡು. ಇನ್ನು ಅವನ್ಗೇನೂ ಇಲ್ಲ."

ಅದು ಹಾಗೇ ಆಯಿತು. ಕೆಂಪಯ್ಯ ಮಾವ ಮೊಮ್ಮಕ್ಕಳ ಮದುವೆ ಮಾಡಿಸಿ, ಊಟದಲ್ಲಿ ಉಪ್ಪು ಕಡಿಮೆ ಅಂತ ಬೀಗರ ಜೊತೆ ಜಗಳ ಆಡಿಕೊಂಡು ಚೆನ್ನಾಗಿ ಬಾಳಿದ. ಭದ್ರ ಮಾತ್ರ "ಎಂದು ತಿಳಿದುಬಂದಿದೆ" ಅಂತ ಬರೆಯುವುದನ್ನು ಬಿಟ್ಟ. ಹೋಗಿ ನೋಡಿದ್ದನ್ನಷ್ಟೇ ಬರೆಯುತ್ತೀನಿ ಅಂದ. ಪೇಪರಿನಲ್ಲಿ ಹುಣಸೂರಿನ ಸುದ್ದಿಯೇ ಇಲ್ಲದಂತಾಯಿತು.

ನೀವು ಒಳಗೊಳಗೇ ನಗುತ್ತಿರಬಹುದು, ಈ ಮುದುಕ ಸಲಗದ ಜೊತೆ ಇದನ್ನೂ ಸೇರಿಸಿದ ಅಂತ. ಸಲಗದ್ದು ಬಿಡಿ, ಅದರಲ್ಲಿ ಅರ್ಧ ತೆಗೆದುಕೊಳ್ಳಿ. ಇದರಲ್ಲಿ ಒಂದಕ್ಷರವೂ ತೆಗೆಯಬೇಡಿ. ಮಾರನೇ ಬೆಳಿಗ್ಗೆ ನಾನೇ ಆ ಮನೆಗೆ ಹೋಗಿದ್ದೀನಿ, ಊದಿದ ಕೆನ್ನೆ ಹಿಡಿದುಕೊಂಡು. ಅಡಿಗೆಮನೆಗೆ ಇದ್ದದ್ದು ಒಂದೇ ಬಾಗಿಲು, ಅದೂ ನಡುಮನೆಗೆ; ಮಾವನ ಕಣ್ಣು ತಪ್ಪಿಸಿ ಈಚೆ ಬರುವ ಹಾಗಿಲ್ಲ. ಅವಳು ಕೂತಿದ್ದ ಕಡೆ, ಒಲೆ ಮುಂದೆ, ಕೂರುವ ಮಣೆ ಇನ್ನೂ ಹಾಕಿತ್ತು. ಚಿಕ್ಕಸಿದ್ದಮ್ಮ ತನ್ನ ಮಣೆಗಳನ್ನೆಲ್ಲ ಎತ್ತಿ ಗೋಡೆಗೆ ಒರಗಿಸಿ ತೋರಿಸಿದಳು, ಎಲ್ಲಾ ಅಲ್ಲೇ ಇದ್ದವು. ಒಲೆ ಮುಂದಿದ್ದದ್ದು ಅವರ ಮನೆಯದಲ್ಲ. ಹಲಸಿನ ಹಲಗೆಯದು, ಒಂದು ಮೂಲೆ ಸೀದಿತ್ತು.