ಎಡಗಾಲಿನ ಬೂಟು

ಇಲ್ಲ, ಕೂತ್ಕೋ. ಟೀ ಬೇಡ, ಏನೂ ಬೇಡ. ಮೊದಲು ನಾನು ಹೇಳೋದನ್ನ ಕೇಳು. ನಮ್ಮ ಮನೆತನ ಎಂಥದ್ದು ಅಂತ ನಿನಗೆ ಮರೆತೇ ಹೋಗಿದೆ, ಅದಕ್ಕೇ ಇವತ್ತು ಹೀಗಾಯ್ತು. ನನ್ನ ತಾತ ನ್ಯಾಯಾಧೀಶರು. ಅವರ ತಂದೆ ಈ ಊರಿಗೆ ಮೊದಲ ಗ್ರಂಥಾಲಯ ಕಟ್ಟಿಸಿದವರು. ನಮ್ಮಮ್ಮ ಬೀದಿಯಲ್ಲಿ ಹೊರಟರೆ ಅಂಗಡಿಯವರು ಎದ್ದು ನಿಲ್ತಿದ್ರು. ನಾಲ್ಕು ತಲೆಮಾರು! ನಾಲ್ಕು ತಲೆಮಾರಿನಲ್ಲಿ ನಮ್ಮವರು ಯಾರೂ ಜನರ ಮುಂದೆ ನಿಂತು ಮನೆಯವರು ತಲೆ ತಗ್ಗಿಸೋ ಹಾಗೆ ಮಾತಾಡಿಲ್ಲ. ನೀನು ಮಾತಾಡ್ದೆ. ಸಭಾಭವನದಲ್ಲಿ, ಇನ್ನೂರು ಜನರ ಎದುರು, ಹೆತ್ತ ಅಪ್ಪನ ನೆನಪಿನ ಸಭೆಯಲ್ಲಿ.

ಯಾಕೆ ಹಾಗೆ ನೋಡ್ತೀಯ? ನನ್ನ ಮುಖದ ಮೇಲೆ ಏನಾದ್ರೂ ಅಂಟಿದೆಯಾ?

ಒಂದು ಹಾಳೆ ಬರೆದುಕೊಟ್ಟಿದ್ದೆ. ಒಂದೇ ಹಾಳೆ! ಮೂರು ಸಲ ತಿದ್ದಿ, ನಾಲ್ಕನೇ ಸಲ ಶಾಯಿಯಲ್ಲಿ ಬರೆದದ್ದು. ನೀನು ಅದನ್ನ ಓದಿ ಕೆಳಗಿಳಿದಿದ್ರೆ ಸಾಕಿತ್ತು. ಚೆನ್ನಾಗೇ ಶುರು ಮಾಡ್ದೆ, ಇಲ್ಲ ಅನ್ನಲ್ಲ. ಸೈನ್ಯದಲ್ಲಿ ಒಂಬತ್ತು ವರ್ಷ... ಓದ್ದೆ. ಗಡಿಯಲ್ಲಿ ಶೆಲ್ ಸಿಡಿದು ಎಡಗಿವಿ ಹೋದದ್ದು, ಓದ್ದೆ. ಪದಕ ಬಂದದ್ದು, ಓದ್ದೆ. ಮೂವತ್ತೆಂಟು ವರ್ಷದ ಬೇಸಾಯ, ಅದನ್ನೂ ಓದ್ದೆ. ಕೊನೆಯ ಸಾಲು ಬಂತು. 'ತಮ್ಮ ಹಾಸಿಗೆಯಲ್ಲೇ, ನಿದ್ದೆಯಲ್ಲೇ, ನೆಮ್ಮದಿಯಿಂದ ಕಣ್ಣು ಮುಚ್ಚಿದರು.' ಇದರಲ್ಲಿ ನಾಲಗೆ ಹೊರಳದ ಪದ ಯಾವುದಿದೆ ಹೇಳು? ನೀನು ನಿಂತುಬಿಟ್ಟೆ! ಪಕ್ಕದ ಮೇಜನ್ನೇ ನೋಡ್ತಾ ನಿಂತೆ. ಫೋಟೊ, ಪದಕ, ಅವರ ಬೂಟು, ಎಲ್ಲ ನಾನೇ ಕೈಯಾರೆ ಒರೆಸಿ ಜೋಡಿಸಿದ್ದು. ಹಾಳೆ ಮಡಚಿದೆ ನೀನು. 'ನಮ್ಮಪ್ಪ ಬೂಟು ಬಿಚ್ಚದೆ ಯಾವತ್ತೂ ಮನೆಯೊಳಗೆ ಬಂದವರಲ್ಲ' ಅಂದೆ. ಹೋಗಿ ಕೂತೆ.

ಬೂಟು! ಪದಕ ತಂದ ಮನುಷ್ಯನ ಬಗ್ಗೆ ಹೇಳೋಕೆ ನಿನಗೆ ಬೂಟು ಸಿಕ್ತಾ? ಛೀ! ಔಷಧಿ ಅಂಗಡಿಯವನ ಹೆಂಡತಿ ಕರ್ಚೀಫು ಬಾಯಿಗೆ ಒತ್ತಿಕೊಂಡಳು. ಅತ್ತಳಂತೆ! ಅವಳು ಅಳೋದು ನನಗೆ ಗೊತ್ತಿಲ್ವಾ? ನಗ್ತಿದ್ದಳು, ಭುಜ ಕುಲುಕ್ತಾ ಇತ್ತು.

ನಗಬೇಡ... ನಗ್ತಾ ಇಲ್ವಾ? ಮತ್ತೆ ಅದೇನು ತುಟಿ ಕಚ್ಚಿಕೊಳ್ಳೋದು? ನಮ್ಮ ಕಾನ್ವೆಂಟಿನಲ್ಲಿ ಹಾಗೆ ತುಟಿ ಕಚ್ಚಿದ್ರೆ ಸಿಸ್ಟರ್ ಸ್ಕೇಲಿನ ತುದಿಯಿಂದ ಗಲ್ಲ ಎತ್ತಿ ನಿಲ್ಲಿಸ್ತಿದ್ರು. ನಿನ್ನನ್ನೂ ಅಲ್ಲಿಗೇ ಹಾಕಬೇಕಿತ್ತು. ನಿಮ್ಮಪ್ಪ ಬಿಡಲಿಲ್ಲ. 'ಒಬ್ಬರು ಸಿಸ್ಟರ್ ಮನೇಲಿದ್ದಾರಲ್ಲ, ಸಾಕು' ಅಂದ್ರು. ಅದೊಂದು ತಮಾಷೆ ಅವರಿಗೆ.

ನಾನು ಸಮವಸ್ತ್ರ ನೋಡಿ ಮದುವೆಯಾದವಳು, ಗೊತ್ತಾ? ಸಂಸಾರ ಮಾಡಿದ್ದು ಈರುಳ್ಳಿ ಜೊತೆ! ಕಿವಿ ಹೋಯ್ತು, ಸೈನ್ಯದವರು ಮನೆಗೆ ಕಳಿಸಿದ್ರು. ಯಾವುದಾದ್ರೂ ಆಫೀಸಿನಲ್ಲಿ ಗೌರವವಾಗಿ ಕೂರ್ತಾರೆ ಅಂದುಕೊಂಡೆ. ಅವರು ಅವರಪ್ಪನ ಹೊಲಕ್ಕೆ ಇಳಿದ್ರು. ಸಸಿ ನೆಡೋಕೆ ಮುಂಚೆ ಈ ತುದಿಯಿಂದ ಆ ತುದಿಗೆ ದಾರ ಹಿಡಿದು, ಕವಾಯತಿಗೆ ಜನ ನಿಲ್ಲಿಸೋ ಹಾಗೆ ಸಾಲು ನೆಡೋರು. ಕಿತ್ತ ಈರುಳ್ಳಿ ಒಣಗೋವರೆಗೂ ಅಲ್ಲೇ ಠಿಕಾಣಿ. ತಲೆಕೂದಲಲ್ಲಿ ಈರುಳ್ಳಿ ವಾಸನೆ, ದಿಂಬಿನಲ್ಲಿ ಈರುಳ್ಳಿ ವಾಸನೆ... ನನ್ನ ಪ್ರಾರ್ಥನೆ ಪುಸ್ತಕ ತೆಗೆದರೂ ಅದೇ! ಇನ್ನು ಆ ಕೆಸರು! ಉಗುರಿನಲ್ಲಿ ಕೆಸರು, ಬಾಗಿಲ ಚಿಲಕಕ್ಕೆ ಕೆಸರು, ಮಗುವಿನ ಕೆನ್ನೆಗೆ ಕೆಸರು!

ಮೊದಲನೇ ವಾರವೇ ಹೇಳಿಬಿಟ್ಟೆ. ಹಿಂಬಾಗಿಲ ಮೆಟ್ಟಿಲ ಮೇಲೆ ಬೂಟು ಬಿಚ್ಚಿ, ಆಮೇಲೆ ಒಳಗೆ. ಯಾವ ಹೊತ್ತೇ ಆಗಲಿ, ಏನೇ ಆಗಲಿ. ಎಷ್ಟು ವಾದ ಮಾಡ್ತಾರೋ ಅಂದುಕೊಂಡಿದ್ದೆ. ಹಿಮ್ಮಡಿ ಜೋಡಿಸಿ ಸಲ್ಯೂಟ್ ಹೊಡೆದು, 'ಆಯ್ತು, ಮೇಡಂ' ಅಂದ್ರು.

ಆದ್ರೆ ಆ ಬೂಟು ಬಿಚ್ಚೋದೇನು ಸಣ್ಣ ಕೆಲಸವಾ? ಕಾಲ ಹರಡಿನ ಸುತ್ತ ಲೇಸು ಎರಡು ಸುತ್ತು ಸುತ್ತಿ, ಒಳಮಗ್ಗುಲಲ್ಲಿ ಗಂಟು. ಮುಳ್ಳುಗಿಡಕ್ಕೆ ಸಿಕ್ಕಿಕೊಳ್ಳಬಾರದು ಅಂತ ಸೈನ್ಯದಲ್ಲಿ ಕಲಿಸಿದ್ದಂತೆ. ಬಿಚ್ಚೋಕೆ ಅವರೊಬ್ಬರಿಗೇ ಬರ್ತಿತ್ತು. ಅದಕ್ಕೇ ಹೊಲದ ಕೆಲಸದ ನಡುವೆ ಬಂದ್ರೆ ಒಳಗೇ ಬರ್ತಿರಲಿಲ್ಲ. ಅಡುಗೆಮನೆ ಕಿಟಕಿ ಹತ್ತಿರ ಹೊರಗೆ ನಿಂತು ಟೀ ಕುಡಿಯೋರು. ನಿನ್ನನ್ನೂ ಕಿಟಕಿಯಿಂದಲೇ ಎತ್ತಿಕೊಳ್ಳೋರು. ನಾನು ಒಳಗಿಂದ ಕೊಡಬೇಕು, ಅವರು ಹೊರಗಿಂದ ತಗೊಳ್ಳಬೇಕು. ನೋಡಿದವರು ಏನಂದುಕೊಳ್ಳಬೇಕು? ನಿನಗೋ ಕುಣಿದಾಟ! ಒಂದು ಸಲ ಜ್ವರ ಬಂದಾಗಲೂ ಅಷ್ಟೇ. ಮೈ ಕೆಂಡವಾಗಿತ್ತು. ಮೆಟ್ಟಿಲ ಮೇಲೆ ಕೂತು ಬಿಚ್ಚಿಯೇ ಬಂದ್ರು. ಅದು ಶಿಸ್ತು! ಮೂವತ್ತೆಂಟು ವರ್ಷದಲ್ಲಿ ಒಂದು ದಿನ ತಪ್ಪಿಸಿದವರಲ್ಲ. ಅವತ್ತೂ ಕೂಡ ಅವರು...

ಏನಿಲ್ಲ. ಅವತ್ತು ಅವರು ಎದ್ದೇ ಇರಲಿಲ್ಲ ಅಂದೆ. ನಿದ್ದೆಯಲ್ಲೇ ಹೋದ್ರು. ಡಾಕ್ಟರು ಬಂದು ನೋಡಿಲ್ವಾ? ಹಾಸಿಗೆ ಮೇಲೇ ಇದ್ರು.

ಎಲ್ಲಿಗೆ ಎದ್ದೆ? ನಾನಿನ್ನೂ ಮುಗಿಸಿಲ್ಲ! ಸಭೆಯಿಂದ ತಂದ ಬೂಟು ಯಾಕೆ ತಗೊಂಡೆ... ಅಯ್ಯೋ, ಮೇಜಿನ ಮೇಲಾ? ಊಟ ಮಾಡೋ ಮೇಜು! ಬಿಳಿ ಬಟ್ಟೆ ಹಾಸಿದ್ದೀನಿ, ಕಣ್ಣು ಕಾಣಲ್ವಾ? ತೆಗಿ. ತೆಗಿ ಅಂದೆ!

ಲೇಸು? ಏನಾಗಿದೆ ಲೇಸಿಗೆ? ಹೌದು, ಬಲಗಾಲಿಂದು ಹಳೇದು, ಎಡಗಾಲಿಂದು ಹೊಸದು. ಅಷ್ಟು ಜನ ನೋಡೋ ಕಡೆ ಲೇಸಿಲ್ಲದ ಬೂಟು ಇಡೋಕಾಗುತ್ತಾ? ಹಳೇದು ಹರಿದಿತ್ತು. ಸವೆದಿತ್ತು. ಬಿಸಾಕಿದೆ.

ಬೇಡ. ಹೊಲಿಗೆ ಡಬ್ಬಿ ಮುಟ್ಟಬೇಡ. ಗುಂಡಿ ಹೊಲೀತೀನಿ ಅಂತ ನಿನ್ನೆಯೇ ತೆಗೆದಿದ್ದೆಯಲ್ಲ, ಇವತ್ತು ಮತ್ತೇನು? ಅದು ನನ್ನ ಡಬ್ಬಿ. ಅದರಲ್ಲಿ ಏನೂ... ಹೇಳಿದ್ದು ಕೇಳಲ್ವಾ ನಿನಗೆ!

...

ವಾಪಸ್ ಇಡು ಆ ಹಳೇ ಲೇಸನ್ನ. ಗಂಟು ಹಾಗೇ ಇದೆ, ಹೌದು. ನನಗೂ ಕಾಣುತ್ತೆ. ಪಕ್ಕದಲ್ಲಿ ಕತ್ತರಿಸಿದೆ. ಅಡುಗೆಮನೆ ಕತ್ತರಿಯಲ್ಲಿ. ಬಿಚ್ಚೋಕೆ ನನಗೆ ಬರ್ತಿರಲಿಲ್ಲ ಅಂತ ಹೇಳಿದ್ನಲ್ಲ?

ಅದನ್ನ ಯಾಕೆ ಬೂಟಿನ ಪಕ್ಕ ಇಡ್ತೀಯ?

ಅವತ್ತು ನೆಲ ಒರೆಸಿದ್ದೆ. ಆಗಷ್ಟೇ. ನಸುಕಿನಲ್ಲೇ ಹೊಲಕ್ಕೆ ನೀರು ತಿರುಗಿಸೋಕೆ ಹೋದವರು ಅರ್ಧ ಗಂಟೆಗೇ ವಾಪಸ್ ಬಂದ್ರು. ಯಾಕೆ ಇಷ್ಟು ಬೇಗ ಅಂತ ನಾನು ಕೇಳಬೇಕಿತ್ತು... ಕೇಳಲಿಲ್ಲ. 'ಎದೆ ಹಿಡಿದ ಹಾಗಿದೆ ಕಣೇ' ಅಂದ್ರು. ನಾನು ತಿರುಗಿ ನೋಡಲಿಲ್ಲ. ಎದೆ ಹಿಡಿಯೋದು, ಸೊಂಟ ಹಿಡಿಯೋದು, ರೈತರಿಗೆ ದಿನಾ ಏನಾದ್ರೂ ಹಿಡಿದೇ ಇರುತ್ತೆ! 'ನೆಲ ಒದ್ದೆ ಇದೆ, ಮೊದಲು ಬೂಟು' ಅಂದೆ.

'ಆಯ್ತು, ಮೇಡಂ' ಅಂದ್ರು.

ನೆಲ ಒಣಗೋವರೆಗೂ ನಾನು ಮೆಟ್ಟಿಲ ಕಡೆ ಹೋಗಲಿಲ್ಲ. ಬಲಗಾಲಿಂದು ಬಿಚ್ಚಿ ಪಕ್ಕದಲ್ಲಿ ನೆಟ್ಟಗೆ ಇಟ್ಟಿದ್ರು. ಎಡಗಾಲಿನ ಗಂಟಿನ ಮೇಲೆ ಕೈ ಇತ್ತು. ಬಾಗಿಲಿಗೆ ತಲೆ ಒರಗಿತ್ತು... ಯಾರಾದ್ರೂ ನೋಡೋಕೆ ಮುಂಚೆ ಒಳಗೆ ಎಳೆದೆ. ಒಬ್ಬಳೇ. ಅದಕ್ಕೆ ಮುಂಚೆ ಆ ಬೂಟು... ಬೂಟಿನ ಜೊತೆ ಹಾಸಿಗೆ ಮೇಲೆ ಹೇಗೆ ಮಲಗಿಸಲಿ ನಾನು? ಹೇಗೆ ಮಲಗಿಸಲಿ, ಹೇಳು?

ಅಳ್ತಾ ಇದ್ದೀಯಾ? ಅಳಬೇಡ. ನನ್ನನ್ನ ಮುಟ್ಟಲೂ ಬೇಡ. ನಾನು ಚೆನ್ನಾಗೇ ಇದ್ದೀನಿ.

ಸರಿ. ಅದೆಲ್ಲ ಬೇರೆ ವಿಷಯ. ನಾನು ಕೂರಿಸಿದ್ದು ಅದಕ್ಕಲ್ಲ. ಇನ್ನೂರು ಜನರ ಮುಂದೆ ನನ್ನ ಹಾಳೆ ಮಡಚಿಟ್ಟೆ ನೀನು. ಮೇಜಿನ ಮೇಲಿಂದ ಬೂಟು ತೆಗಿ. ತೆಗೆದು, ನನ್ನ ಕ್ಷಮೆ ಕೇಳು.